ನಾಲ್ಕನೆಯ ಕೆರೆಯೂ ನನ್ನ ಹೆಂಡತಿಯ ಬಾವನೂ

‘ಐದು ಕೆರೆ, ಐದು ವಾರ. ಇಷ್ಟು ಸುಲಭದ ಕೆಲಸಕ್ಕೆ ಸಂಬಳ ತೆಗೆದುಕೊಳ್ಳಲು ಸ್ವಲ್ಪ ನಾಚಿಕೆಯೇ ಆಗುತ್ತದೆ.’

ನನ್ನ ದಿನಚರಿಯಲ್ಲಿ ಹೀಗೆ ಬರೆದಿದೆ. ಕೈಬರಹ ನನ್ನದೇ. ಇಲ್ಲದಿದ್ದರೆ ನಂಬುತ್ತಿರಲಿಲ್ಲ. ನನ್ನ ನೆನಪಿನ ಮೇಲೆ ನನಗೆ ಮೊದಲಿಂದಲೂ ಅನುಮಾನ. ಅದು ನನ್ನ ಪರವಾಗಿ ವಾದಿಸುವ ವಕೀಲನಂತೆ ವರ್ತಿಸುತ್ತದೆ. ಆದ್ದರಿಂದ ಈ ಪ್ರಕರಣದಲ್ಲಿ ನೆನಪೂ ದಿನಚರಿಯೂ ಜಗಳವಾಡಿದ ಕಡೆಯಲ್ಲೆಲ್ಲ ದಿನಚರಿಯ ಮಾತನ್ನೇ ಒಪ್ಪಿಕೊಂಡಿದ್ದೇನೆ. ದಿನಚರಿ ನನ್ನನ್ನು ಹೊಗಳಿದ ಕಡೆ ಮಾತ್ರ ಎರಡನ್ನೂ ನಂಬಿಲ್ಲ.

ನಾನು ಚಾಮರಾಜನಗರದಲ್ಲಿ ನೀರಿನ ಲೆಕ್ಕ ಮಾಡುವ ಒಂದು ಸಣ್ಣ ಕಚೇರಿಯಲ್ಲಿದ್ದೇನೆ. ಮನೆ ಗುಂಡ್ಲುಪೇಟೆಯಲ್ಲಿ. ಮಳೆ ಬಿದ್ದರೆ ಹಳ್ಳದಲ್ಲಿ ಎಷ್ಟು ನೀರು, ಯಾವಾಗ, ಎಲ್ಲಿಗೆ ಬರುತ್ತದೆ ಎಂದು ಹೇಳುವ ಮಾದರಿಯೊಂದನ್ನು ಕಂಪ್ಯೂಟರಿನಲ್ಲಿ ಕಟ್ಟುವುದು ನನ್ನ ಉದ್ಯೋಗ. ಬರೀ ಹಳ್ಳವಾದರೆ ಕಷ್ಟವಿಲ್ಲ. ನೀರು ಮೇಲಿಂದ ಕೆಳಕ್ಕೆ ಹರಿಯುತ್ತದೆ. ಅಷ್ಟು ಅದಕ್ಕೂ ಗೊತ್ತು. ನಡುವೆ ಕೆರೆಗಳು ಬಂದಾಗ ತೊಂದರೆ ಶುರು. ಪ್ರತಿ ಕೆರೆಯೂ ಬಂದ ನೀರನ್ನು ತಾನೇ ಇಟ್ಟುಕೊಳ್ಳುತ್ತದೆ, ಹೊಟ್ಟೆ ತುಂಬಿದ ಮೇಲೆ ಕೋಡಿಯ ಕಲ್ಲಿನ ಮೇಲಿಂದ ಕೆಳಗಿನ ಕೆರೆಗೆ ಬಿಡುತ್ತದೆ. ಯಾವ ಕೆರೆ ಎಷ್ಟು ಹಿಡಿಯುತ್ತದೆ, ನೆಲ ಎಷ್ಟು ಕುಡಿಯುತ್ತದೆ, ಬಿಸಿಲು ಎಷ್ಟು ಎಳೆಯುತ್ತದೆ, ಯಾರಿಗೂ ಸರಿಯಾಗಿ ಗೊತ್ತಿಲ್ಲ. ಹಾಗಾಗಿ ಅಂಕಿಗಳನ್ನು ಊಹಿಸಿಕೊಂಡು, ಲೆಕ್ಕದ ನೀರನ್ನು ಕಣ್ಣಾರೆ ಅಳೆದ ನೀರಿನ ಜೊತೆ ಹೋಲಿಸುತ್ತ, ಎರಡೂ ಒಂದಾಗುವವರೆಗೆ ಆ ಅಂಕಿಗಳನ್ನು ಸ್ವಲ್ಪಸ್ವಲ್ಪವೇ ತಿದ್ದಬೇಕು. ಇದಕ್ಕೆ ಮಾದರಿಯನ್ನು ಹದ ಮಾಡುವುದು ಎನ್ನೋಣ. ಸಾರಿಗೆ ಉಪ್ಪು ಹಾಕಿ ರುಚಿ ನೋಡಿದ ಹಾಗೆ. ಸಾರು ಕೆಟ್ಟರೆ ಮನೆಯವರು ಮಾತ್ರ ಬೈಯುತ್ತಾರೆ, ಮಾದರಿ ಕೆಟ್ಟರೆ ಊರೇ ಬೈಯುತ್ತದೆ. ವ್ಯತ್ಯಾಸ ಅಷ್ಟೇ!

ನನಗೆ ಸಿಕ್ಕಿದ್ದು ಹಂಗಳದ ಕಡೆ ಕಾಡಂಚಿನಿಂದ ಇಳಿದು ಬರುವ ಒಂದು ಹಳ್ಳ ಮತ್ತು ಅದರ ಮೇಲೆ ಮಣಿಸರದಂತೆ ಕೂತ ಐದು ಕೆರೆ. ನಾಲ್ಕನೆಯದು ಮರಿಕಟ್ಟೆಯ ಕೆರೆ. ಮರಿಕಟ್ಟೆ ನನ್ನ ಹೆಂಡತಿ ಶೋಭಾಳ ತವರು. ‘ಇದೊಂದು ಅನುಕೂಲ’ ಎಂದು ದಿನಚರಿಯಲ್ಲಿ ಬರೆದಿದೆ. ಪಾಪ!

ಬೇಸಿಗೆಯಲ್ಲೇ ಪ್ರತಿ ಕೆರೆಯಲ್ಲೂ ಅಡಿ, ಅಂಗುಲ ಬರೆದ ಒಂದು ಅಳತೆಗಂಬ ನೆಟ್ಟಿದ್ದೆವು. ದಿನಾ ಬೆಳಗ್ಗೆ ನೀರಿನ ಮಟ್ಟ ನೋಡಿ ತಿಳಿಸಲು ಊರಿಗೊಬ್ಬರು ಬೇಕು. ಮರಿಕಟ್ಟೆಯಲ್ಲಿ ಯಾರಿದ್ದಾರೆ ಎಂದು ಮಾವನವರನ್ನು ಕೇಳಿದೆ. ಅವರು ಕೆರೆ ಸಂಘದ ಅಧ್ಯಕ್ಷರು. ಒಂದು ಕ್ಷಣವೂ ಯೋಚಿಸಲಿಲ್ಲ.

“ಇನ್ಯಾರು ಅಳಿಯಂದ್ರೆ, ನಮ್ಮ ಮಾದೇವನೇ ಸೈ. ಕೆರೆ ತೂಬು, ಕೋಡಿ ಎಲ್ಲಾ ಅವನ್ದೆಯ. ನೀರಿನ್ ಇಸ್ಯದಲ್ಲಿ ಅವ್ನ ಮೀರ್ಸೋರ್ ಇಲ್ಲ.”

ಮಹದೇವಸ್ವಾಮಿ ನನ್ನ ಹೆಂಡತಿಯ ಸೋದರತ್ತೆಯ ಮಗ. ಅಂದರೆ ಅವಳಿಗೆ ಬಾವ. ನಮ್ಮ ಕಡೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅವಳನ್ನು ಕೇಳುವ ಮೊದಲ ಹಕ್ಕು ಅವನದಾಗಿತ್ತು. ಜಾತಕವೋ ಮತ್ತೇನೋ ಕೂಡಿ ಬರದೆ ಆ ಮಾತು ನಿಂತುಹೋಗಿ, ನಾನು ಬಂದೆ. ಈಗ ಅವನಿಗೂ ಮದುವೆಯಾಗಿ ಇಬ್ಬರು ಮಕ್ಕಳಿದ್ದಾರೆ. ಆದರೂ ಮದುವೆಯಾಗಿ ಆರು ವರ್ಷವಾದ ಮೇಲೂ ಶೋಭಾ “ಬಾವ” ಎಂದಾಗಲೆಲ್ಲ ನನ್ನ ಕಿವಿ ತಾನಾಗಿ ಆ ಕಡೆ ತಿರುಗುತ್ತದೆ. ಸಾಲದ್ದಕ್ಕೆ, ನಂಟಿನ ಲೆಕ್ಕದಲ್ಲಿ ಅವನು ನನಗೆ ಅಣ್ಣನಾಗಬೇಕು! ಅವನು ಅದನ್ನು ಮರೆಯುವವನಲ್ಲ. ನನ್ನನ್ನು “ತಮ್ಮ” ಎಂದೇ ಕರೆಯುತ್ತಾನೆ. ಆರಡಿ ಎತ್ತರ, ಸಾಧು ಸ್ವಭಾವ, ಬೀಡಿ ಇಲ್ಲ, ಕುಡಿತವಿಲ್ಲ. ಚೆಂಡುಹೂ ಬೆಳೆದು ಕೇರಳದ ವ್ಯಾಪಾರಿಗಳಿಗೆ ಮಲಯಾಳಂನಲ್ಲೇ ಮಾತಾಡಿ ಮಾರುತ್ತಾನೆ. ಒಬ್ಬ ಮನುಷ್ಯನಲ್ಲಿ ಒಂದಾದರೂ ದೋಷವಿರಬೇಕು ಎಂಬುದು ನನ್ನ ಅಭಿಪ್ರಾಯ. ಅವನು ಈ ಮಟ್ಟಿಗೆ ಬಹಳ ನಿರಾಸೆ ಮಾಡಿದ್ದಾನೆ.

ಅವನಿಗೆ ನನ್ನ ಫೋನ್ ನಂಬರು ಕೊಡಲು ನನಗೆ ಮನಸ್ಸಾಗಲಿಲ್ಲ. ಹಾಗಾಗಿ ಅವನು ದಿನಾ ಬೆಳಗ್ಗೆ ಏಳಕ್ಕೆ ಸರಿಯಾಗಿ ನನ್ನ ಹೆಂಡತಿಗೆ ವಾಟ್ಸಾಪ್ ಕಳಿಸುವಂತಾಯಿತು. ಈ ಏರ್ಪಾಡಿನ ಕೀರ್ತಿ ಸಂಪೂರ್ಣವಾಗಿ ನನ್ನದು.

“ರೀ, ಬಾವ ಫೋಟೋ ಕಳ್ಸವ್ರೆ, ನೋಡಿ.”

ನೋಡಿದೆ. ಹೂವಿನ ಹೊಲಕ್ಕೆ ಬಂದು ನಿಂತು ಸೆಲ್ಫಿ ತೆಗೆದುಕೊಳ್ಳುವ ಪ್ರವಾಸಿಗಳನ್ನು ಕಂಡೂ ಕಂಡೂ ಅವನಿಗೂ ಅದೇ ಅಭ್ಯಾಸ ಅಂಟಿತ್ತು. ಎಡಗಡೆ ಅಳತೆಗಂಬ, ಬಲಗಡೆ ಮುಕ್ಕಾಲು ಭಾಗ ಅವನು. ವಿಭೂತಿ, ಹಲ್ಲು ಕಾಣುವ ನಗು, ಹಿಂದೆ ಬೆಳಗಿನ ಬಿಸಿಲು.

“ಚೆನ್ನಾಗ್ ಬಂದದೆ ಅಲ್ವಾ?” ಎಂದಳು ಶೋಭಾ.

“ಕಂಬವಾ?” ಎಂದೆ.

ಅಂದಿನಿಂದ ನಾನೊಂದು ಶಿಸ್ತು ಪಾಲಿಸಿದೆ. ಫೋಟೋ ಬಂದ ಕೂಡಲೇ ಹೆಂಡತಿಯ ಫೋನಿನಿಂದ ನನ್ನ ಫೋನಿಗೆ ಹಾಕಿಕೊಂಡು, ಬಲಗಡೆಯನ್ನು ಕತ್ತರಿಸಿ, ಅಳತೆಗಂಬ ಮಾತ್ರ ಉಳಿಸಿಕೊಳ್ಳುವುದು. ವಿಜ್ಞಾನಕ್ಕೆ ಬೇಕಾದದ್ದು ಅಂಕಿ, ಹಲ್ಲು ಬೇಡ. ಎರಡು ಮಳೆಗಾಲ ಹೀಗೆ ಅವನನ್ನು ದಿನಕ್ಕೊಂದು ಸಲ ಕತ್ತರಿಸಿದ್ದೇನೆ. ಬೆಳಗಿನ ಕಾಫಿಗಿಂತ ಅದೇ ಹೆಚ್ಚು ಹಿತವಾಗಿತ್ತು ಎಂದು ದಿನಚರಿ ಹೇಳುತ್ತದೆ.

ಇನ್ನು ಮಾದರಿಯ ಕಥೆ. ಮೊದಲ ಮೂರು ಕೆರೆ ಚಕ್ಕನೆ ಹದಕ್ಕೆ ಬಂದವು. ಪರದೆಯ ಮೇಲೆ ಲೆಕ್ಕದ ನೀರಿನದೊಂದು ನೀಲಿ ಗೆರೆ, ಅಳೆದ ನೀರಿನದೊಂದು ಕೆಂಪು ಗೆರೆ. ಎರಡೂ ಹೊಸದಾಗಿ ಮದುವೆಯಾದವರಂತೆ ಅಂಟಿಕೊಂಡಿದ್ದವು. ನಾಲ್ಕನೆಯ ಕೆರೆಗೆ ಬಂದೆ. ನೀಲಿ ಗೆರೆ ಒಂದು ಕಡೆ, ಕೆಂಪು ಗೆರೆ ಒಂದು ಕಡೆ! ಕೋಡಿಯ ಕಲ್ಲನ್ನು ನೀರು ಮುಟ್ಟಿದ ಮೇಲೆ ಅದು ಹೊರಕ್ಕೆ ಹರಿಯಬೇಕು, ಮಟ್ಟ ನಿಲ್ಲಬೇಕು. ಮಹದೇವಸ್ವಾಮಿಯ ಅಳತೆಯಲ್ಲಿ ಕೋಡಿಗಿಂತ ಒಂದು ಮೊಳ ಮೇಲಕ್ಕೆ ನೀರು ಏರುತ್ತಿತ್ತು. ಗೋಡೆಯಿಲ್ಲದ ಕಡೆ ನೀರು ನಿಂತುಕೊಂಡಿತ್ತು!

ನನಗೆ ದುಃಖವಾಗಬೇಕಿತ್ತು. ಆದರೆ ಮೈಯೆಲ್ಲ ಹಗುರಾಯಿತು.

“ಶೋಭಾ, ನಿನ್ನ ಬಾವ ಮನೇಲಿ ಕೂತು ಅಂಕಿ ಬರೆದು ಕಳಿಸ್ತಾ ಇದಾನೆ.”

“ಫೋಟೋ ಕಳ್ಸ್ತಾರಲ್ರೀ, ಮನೇಲ್ ಕೂತ್ಕೊಂಡ್ ಕೆರೆ ಫೋಟೋ ಹೆಂಗ್ ತೆಗೀತಾರೆ?”

“ಕಂಬ ಅಲ್ಲಾಡಿಸಿರ್ತಾನೆ. ಇಲ್ಲಾ, ಕಂಬ ಕಿತ್ತು ಇನ್ನೊಂದು ಕಡೆ ನೆಟ್ಟಿರ್ತಾನೆ.”

“ಯಾಕೆ?”

ಈ ಪ್ರಶ್ನೆಗೆ ಉತ್ತರ ಹುಡುಕುವ ಗೋಜಿಗೆ ನಾನು ಹೋಗಲಿಲ್ಲ. ಮರಿಕಟ್ಟೆ ಗುಂಡ್ಲುಪೇಟೆಯಿಂದ ಬೈಕಿನಲ್ಲಿ ಅರ್ಧ ಗಂಟೆ. ಹೋಗಿ ನೋಡಬಹುದಿತ್ತು. ಹೋದರೆ ಅವನ ಮನೆಯಲ್ಲಿ ಊಟ ಮಾಡಬೇಕು, ಅವನು ‘ಇನ್ನೊಂದ್ ಮುದ್ದೆ ಹಾಕುಸ್ಕಳಿ ತಮ್ಮ’ ಎನ್ನುತ್ತಾನೆ, ಊಟ ಬೇರೆ ಚೆನ್ನಾಗಿರುತ್ತದೆ. ಬೇಡವೆನಿಸಿತು.

ನಮ್ಮ ಮಾದರಿಯಲ್ಲಿ ಒಂದು ಸೌಲಭ್ಯವಿದೆ. ಯಾವ ಅಳತೆಯನ್ನು ಎಷ್ಟು ನಂಬಬೇಕೆಂದು ಕಂಪ್ಯೂಟರಿಗೆ ಹೇಳಬಹುದು. ಪೂರ್ತಿ ನಂಬುವುದಾದರೆ ಒಂದು, ನಂಬದಿದ್ದರೆ ಸೊನ್ನೆ. ಮಹದೇವಸ್ವಾಮಿಯ ಎದುರು ನಾನು ಸೊನ್ನೆ ಒತ್ತಿದೆ. ಆ ಸೊನ್ನೆಗಾಗಿ ನನ್ನ ಬೆರಳು ಆರು ವರ್ಷ ಕಾದಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅದನ್ನು ವೈಜ್ಞಾನಿಕ ನಿರ್ಧಾರ ಎಂದು ಬರೆದುಕೊಂಡಿದ್ದೇನೆ.

ಸೊನ್ನೆ ಕೊಟ್ಟದ್ದೇ ತಡ, ಮಾದರಿ ಹೂವಿನಂತೆ ಅರಳಿತು! ಉಳಿದ ನಾಲ್ಕೂ ಕೆರೆಯಲ್ಲಿ ಗೆರೆಗಳು ಕೂಡಿಕೊಂಡವು. ಒಂದು ಸಣ್ಣ ವಿಷಯ ಮಾತ್ರ ಕಣ್ಣಿಗೆ ಬಿದ್ದಿತ್ತು. ನಾಲ್ಕನೆಯ ಕೆರೆಯ ಕೋಡಿಯಿಂದ ಐದನೆಯ ಕೆರೆಗೆ ನೀರು ಬರಲು ಮೂರು ದಿನ ಹಿಡಿಯುತ್ತದೆ ಎಂದು ಕಂಪ್ಯೂಟರು ತೀರ್ಮಾನಿಸಿತ್ತು. ಆ ದೂರವನ್ನು ಎಮ್ಮೆಯೊಂದು ನಡುವೆ ನಿಂತು ಮೇಯುತ್ತ ಬಂದರೂ ಅರ್ಧ ಗಂಟೆಯಲ್ಲಿ ಮುಗಿಸುತ್ತದೆ. ನೀರಿಗೆ ಅದರ ಸ್ವಂತ ಕಾರಣಗಳಿರಬಹುದು ಎಂದುಕೊಂಡೆ.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಕಾಡಿನ ಕಡೆಯಿಂದ ಹಳ್ಳದಲ್ಲಿ ಒಂದೇ ಸಮನೆ ನೀರು ಬರತೊಡಗಿತು. ಮಾವನವರು ಫೋನ್ ಮಾಡಿದರು.

“ಅಳಿಯಂದ್ರೆ, ನಮ್ ಕೆರೆ ತುಂಬ್ತಾ ಅದೆ. ಕೋಡಿ ಬಿದ್ ದಿನ ಬಾಗಿನ ಬುಡ್ಬೇಕು. ಊರಿಂದ ಮದುವೆ ಮಾಡ್ಕೊಟ್ಟ ಹೆಣ್ಮಕ್ಳನ್ನೆಲ್ಲಾ ಕರೀಬೇಕು. ಯಾವತ್ತು ಅಂತ ಮುಂಚೇನೇ ಗೊತ್ತಾದ್ರೆ ಚೆಂದ. ಮಾದೇವ ಗುರುವಾರ ಅಂತನೆ. ನಿಮ್ ಕಂಪೂಟ್ರು ಏನಂತದೆ?”

ಗುರುವಾರ ಎನ್ನುತ್ತಾನಂತೆ! ಯಾವ ಪದವಿಯ ಬಲದಿಂದ?

ಮಾದರಿ ಓಡಿಸಿದೆ. “ಸೋಮವಾರ, ಮಾವ. ಬೆಳಗ್ಗೆ ಹನ್ನೊಂದರೊಳಗೆ.”

“ಖಂಡಿತವಾ? ಹೆಣ್ಮಕ್ಳನ್ನ ಕರ್ದು, ನೀರ್ ಬರ್ನಿಲ್ಲ ಅಂದ್ರೆ ಊರ್ ಮುಂದೆ ನನ್ ಮರ್ವಾದೆ ಓಯ್ತದೆ ಕಣಪ್ಪ.”

“ನಿಮ್ಮ ಮರ್ಯಾದೆಗೆ ನಾನು ಹೊಣೆ” ಎಂದೆ. ಈ ವಾಕ್ಯ ದಿನಚರಿಯಲ್ಲಿಲ್ಲ. ದುರದೃಷ್ಟವಶಾತ್ ಶೋಭಾಗೆ ನೆನಪಿದೆ.

ಅಳಿಯನ ಮಾತು ಕೆಳಗೆ ಹಾಕಬಾರದೆಂದು ಮಾವನವರು ಸೋಮವಾರಕ್ಕೇ ಹೇಳಿ ಕಳಿಸಿದರು. ಸಂತೆಮರಹಳ್ಳಿಯಿಂದ, ನಂಜನಗೂಡಿನಿಂದ, ಗಡಿಯಾಚೆ ತಮಿಳುನಾಡಿನಿಂದಲೂ ಹೆಣ್ಣುಮಕ್ಕಳು ಬಂದಿಳಿದರು. ನಾನು ಅಷ್ಟಕ್ಕೆ ಸುಮ್ಮನಿರದೆ ಚಾಮರಾಜನಗರದಿಂದ ನಮ್ಮ ಕಚೇರಿಯ ಮುಖ್ಯಸ್ಥೆಯನ್ನೂ ಕರೆದೆ. ಮಾದರಿ ನಿಜವಾಗುವುದನ್ನು ಅವರು ಕಣ್ಣಾರೆ ನೋಡಲಿ. ಶೋಭಾಳ ಬಾವನೂ ನೋಡಲಿ.

ಸೋಮವಾರ ಹತ್ತೂವರೆ. ಕೆರೆ ಏರಿಯ ಮೇಲೆ ಮೊರಗಳ ಸಾಲು: ಅರಿಶಿನ, ಕುಂಕುಮ, ಬಳೆ, ರವಿಕೆ ಕಣ, ಧಾನ್ಯ, ತೆಂಗಿನಕಾಯಿ. ರೇಷ್ಮೆ ಸೀರೆ ಉಟ್ಟ ಹೆಂಗಸರು ಕೋಡಿಯ ಕಡೆಗೇ ನೋಡುತ್ತಿದ್ದರು. ನಾನು ಕೈಗಡಿಯಾರ ನೋಡುತ್ತ ನಡೆದೆ. ಕೋಡಿಯ ಹತ್ತಿರ ಬಂದವನು ಹಾಗೇ ನಿಂತೆ.

ನೀರು ಕೋಡಿಯ ಕಲ್ಲಿಗೆ ಸರಿಯಾಗಿ ಬಂದಿತ್ತು. ನನ್ನ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ! ಆದರೆ ಕಲ್ಲಿನ ಮೇಲೆ, ಅಕ್ಕಪಕ್ಕದ ಎರಡು ಕಂಬಗಳಲ್ಲಿ ಕೊರೆದ ಸೀಳಿಗೆ ಕೂರಿಸಿದ ಮೂರು ಹಲಗೆಗಳು ಒಂದರ ಮೇಲೊಂದು ನಿಂತಿದ್ದವು. ಸಂದುಗಳಿಗೆ ಜೇಡಿಮಣ್ಣು ಮೆತ್ತಿತ್ತು. ಒಟ್ಟು ಎತ್ತರ ಒಂದು ಮೊಳ.

“ಇದೇನಿದು?” ಎಂದೆ.

“ಹಲ್ಗೆ, ತಮ್ಮ” ಎಂದ ಮಹದೇವಸ್ವಾಮಿ, ಹಸುವನ್ನು ತೋರಿಸಿ ಹಸು ಎನ್ನುವಂತೆ. “ತಾತನ್ ಕಾಲ್ದಿಂದ್ಲೂ ಮಳೆಗಾಲ್ಕೆ ಇಕ್ತೀವಿ. ನೀರು ಹಲ್ಗೆ ಮ್ಯಾಲ್ ಹತ್ತಿದ್ ದಿನ ಕೋಡಿ ಅಂತ ಲೆಕ್ಕ. ಆವತ್ತು ಕೆಳಗ್ಲೂರೋರು ಎಲೆ ಅಡ್ಕೆ ತಂದು ನೀರು ಕೇಳ್ತರೆ, ನಾವು ಹಲ್ಗೆ ತಗೀತೀವಿ. ದಿನಾ ಫೋಟೋದಲ್ಲಿ ಇತ್ತಲ್ಲ! ನಾನು ಹಲ್ಗೆ ಮುಂದೇನೇ ನಿಂತ್ಕತಿದ್ನಲ್ಲ, ಕಾಣ್ಲಿ ಅಂತ.”

ಎರಡು ಮಳೆಗಾಲ. ದಿನಕ್ಕೊಂದು ಫೋಟೋ. ಅವನ ಜೊತೆಗೇ ಹಲಗೆಗಳನ್ನೂ ನಾನೇ ಕತ್ತರಿಸಿ ಎಸೆದಿದ್ದೆ!

ಮುಖ್ಯಸ್ಥೆ ಬಗ್ಗಿ ಹಲಗೆಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. “ಇದು ನಿಮ್ಮ ಮಾದರಿಯಲ್ಲಿ ಇದೆಯಾ?” ಎಂದು ಬಹಳ ಮೃದುವಾಗಿ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟು ಅಗಲದ ಕೆರೆಯಲ್ಲಿ ಇನ್ನೊಂದು ಮೊಳ ನೀರು ಏರಬೇಕೆಂದರೆ ಮೂರು ದಿನ ಬೇಕು. ಅಂದರೆ ಗುರುವಾರ! ಏರಿಯ ಮೇಲೆ ಗುಸುಗುಸು ಶುರುವಾಯಿತು. “ಏನಮ್ಮಿ ಶೋಭಾ, ನಿನ್ ಗಂಡ ನೀರ್ ತತ್ತೀನಿ ಅಂದಿದ್ನಂತಲ್ಲ, ಎಲ್ಲಮ್ಮಿ?” ಎಂದು ಯಾರೋ ಕೇಳಿದರು, ಎಲ್ಲರೂ ನಕ್ಕರು. ಮಾವನವರು ಹೆಗಲ ಮೇಲಿನ ಟವೆಲ್ ತೆಗೆದು, ಕೊಡವಿ, ಮತ್ತೆ ಹಾಕಿಕೊಂಡರು.

ಮುಂದೆ ನಾನು ಮಾಡಿದ್ದಕ್ಕೆ ನೆನಪು ಒಂದು ಕಾರಣ ಕೊಡುತ್ತದೆ: ಮಾವನವರ ಮರ್ಯಾದೆ ಉಳಿಸಲು. ದಿನಚರಿ ಬೇರೆ ಕಾರಣ ಕೊಡುತ್ತದೆ: ಗುರುವಾರ ಆಗಬಾರದೆಂದು. ದಿನಚರಿಯೇ ಸರಿ.

ಎಲ್ಲರೂ ಮಾತಿನಲ್ಲಿದ್ದಾಗ ನಾನು ಪ್ಯಾಂಟು ಮಡಚಿ ಕೋಡಿಗೆ ಇಳಿದೆ. ನೀರು ಆಗಲೇ ಕಲ್ಲು ದಾಟಿ ಕೆಳಗಿನ ಹಲಗೆಗೆ ಆತುಕೊಂಡಿತ್ತು, ಮೇಲಿನ ಎರಡನ್ನು ಇನ್ನೂ ಮುಟ್ಟಿರಲಿಲ್ಲ. ತೆಗೆದರೆ ಏನೂ ಆಗದು. ಕೆಳಗಿನದನ್ನು ಸ್ವಲ್ಪ ಎತ್ತಿದರೆ ಸಾಕು, ನಾಲ್ಕು ಬೊಗಸೆ ನೀರು ಆಚೆ ಹೋದರೂ ಕೋಡಿ ಬಿದ್ದಂತೆಯೇ. ಎರಡನ್ನು ಎತ್ತಿಟ್ಟೆ. ಮೂರನೆಯದು ಅಲ್ಲಾಡಲಿಲ್ಲ. ಪಾಚಿಯ ಮೇಲೆ ಕಾಲೂರಿ, ಶಿವನನ್ನು ನೆನೆದು, ಎರಡೂ ಕೈಯಿಂದ ಎಳೆದೆ.

ಹಲಗೆ ಬಂತು. ಅದರ ಜೊತೆ ನಾನೂ ಹೋದೆ!

ಕೋಡಿಯ ಇಳಿಜಾರಿನಲ್ಲಿ ಹಲಗೆಯನ್ನು ತಬ್ಬಿಕೊಂಡು ಕೂತ ಭಂಗಿಯಲ್ಲೇ ಜಾರಿ ಕೆಳಗಿನ ಗುಂಡಿಯ ಕೆಸರಿಗೆ ಬಿದ್ದೆ. ತಲೆಯ ಮೇಲೆ ಕೆರೆಯ ನೀರು ಧಾರಾಳವಾಗಿ ಸುರಿಯತೊಡಗಿತು. ಮರಿಕಟ್ಟೆಯ ಅಷ್ಟೂ ಹೆಣ್ಣುಮಕ್ಕಳು ಏರಿಯ ಅಂಚಿಗೆ ಬಂದು ನೋಡಿದರು. ಮಹದೇವಸ್ವಾಮಿ ಒಂದೇ ನೆಗೆತಕ್ಕೆ ಇಳಿದು, ಒಂದು ಕೈಯಲ್ಲಿ ನನ್ನನ್ನೂ ಇನ್ನೊಂದರಲ್ಲಿ ಹಲಗೆಯನ್ನೂ ಎತ್ತಿದ. ಮೊದಲು ನನ್ನನ್ನು ದಡಕ್ಕಿಟ್ಟ, ಆಮೇಲೆ ಹಲಗೆಯನ್ನು ಕಂಬಗಳ ಸೀಳಿಗೆ. ಆ ಕ್ರಮಕ್ಕಾಗಿಯಾದರೂ ನಾನು ಕೃತಜ್ಞನಾಗಿರಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ನಾನು ಬಿಟ್ಟ ನೀರು ಹಳ್ಳದಲ್ಲಿ ಹರಿದು, ಮೂರು ದಿನವಲ್ಲ, ಅರ್ಧ ಗಂಟೆಯೊಳಗೆ ಕೆಳಗಿನ ಊರು ತಲುಪಿತು. ಅದರ ಹಿಂದೆಯೇ ಆ ಊರಿನ ಯಜಮಾನ ಗುರುಮಲ್ಲಪ್ಪನವರು ಬೈಕಿನಲ್ಲಿ ಇಲ್ಲಿಗೆ ಬಂದರು. ಮುಖ ಕೆಂಪಾಗಿತ್ತು.

“ಏನ್ರಯ್ಯ, ನಾವು ಎಲೆ ಅಡ್ಕೆ ತಂದು ಕೇಳಕ್ ಮುಂಚೇನೇ ನೀರ್ ಬುಟ್ಟಿದ್ದೀರಿ? ನಮ್ಮನ್ನೇನ್ ತಿರ್ಕಂಡ್ ತಿನ್ನೋರು ಅನ್ಕಂಡ್ರ? ಕೇಳ್ದೆ ಕೊಟ್ಟ ನೀರು ನಮ್ಗ್ ಬ್ಯಾಡ. ವಾಪಸ್ ತಕ್ಕಳಿ!”

ನೀರನ್ನು ವಾಪಸ್ಸು ತೆಗೆದುಕೊಳ್ಳುವ ವಿಧಾನ ನನ್ನ ಮಾದರಿಯಲ್ಲಿರಲಿಲ್ಲ.

ಮಾವನವರು ನನ್ನ ಕಡೆ ತಿರುಗುವ ಮೊದಲೇ ಮಹದೇವಸ್ವಾಮಿ ಮುಂದೆ ಬಂದ. “ಬುಡಿ ಯಜಮಾನ್ರೆ, ಯಾರೂ ನೀರ್ ಬುಡ್ನಿಲ್ಲ. ನಮ್ ತಮ್ಮ ಇಂಜಿನಿಯರ್ರು, ನೀರಿನ್ ರಭಸ ಎಷ್ಟದೆ ಅಂತ ಅಳ್ತೆ ಮಾಡಕ್ಕೆ ಒಳಕ್ಕಿಳ್ದಿದ್ರು. ಗುರುವಾರ ಬನ್ನಿ, ಕೇಳಿ ಇಸ್ಕಳಿವ್ರಂತೆ.”

ಗುರುಮಲ್ಲಪ್ಪನವರು ಕೆಸರು ಸುರಿಯುತ್ತಿದ್ದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಎಷ್ಟಿತ್ತಪ್ಪ ರಭಸ?”

“ಸಾಕಷ್ಟಿತ್ತು” ಎಂದೆ.

ಹೆಣ್ಣುಮಕ್ಕಳು ಗುರುವಾರದವರೆಗೆ ಉಳಿದುಕೊಂಡರು. ತವರಿನಲ್ಲಿ ಮೂರು ದಿನ ಹೆಚ್ಚು ಸಿಕ್ಕಿದ್ದಕ್ಕೆ ಕೆಲವರು ನನಗೆ ಮನಸಾರೆ ಕೈಮುಗಿದರು. ಇದೊಂದೇ ನನ್ನ ಮಾದರಿಯಿಂದ ಆ ಕಣಿವೆಗೆ ಆದ ಉಪಕಾರ. ಮಾವನವರು ಮಾತ್ರ ನನ್ನ ಜೊತೆ ಮಾತಾಡಲಿಲ್ಲ.

ನಾನು ಮಾವನ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತೆ. ಶೋಭಾಳ ಫೋನಿನಲ್ಲಿ ಕತ್ತರಿಸದ ಫೋಟೋಗಳು ಪೂರ್ತಿ ಇದ್ದವು. ಅವಳು ಒಂದನ್ನೂ ಅಳಿಸಿರಲಿಲ್ಲ. ಏಕೆಂದು ಕೇಳಲಿಲ್ಲ. ಒಂದೊಂದನ್ನೇ ನೋಡುತ್ತ, ಅವನ ಹೆಗಲಿನ ಹಿಂದೆ ಎಷ್ಟು ಹಲಗೆ ಇವೆಯೆಂದು ಎಣಿಸಿ ಮಾದರಿಗೆ ಹಾಕಿದೆ. ಆಮೇಲೆ ಹಲ್ಲು ಕಚ್ಚಿಕೊಂಡು ಸೊನ್ನೆಯನ್ನು ಒಂದು ಮಾಡಿದೆ. ನೀಲಿ ಗೆರೆ ಹೋಗಿ ಕೆಂಪು ಗೆರೆಯ ಮೇಲೆ ಮಲಗಿತು. ನನಗೆ ಸಂತೋಷವಾಗಬೇಕಿತ್ತು. ಅವನ ಅಳತೆಯಲ್ಲಿ ಎರಡು ಮಳೆಗಾಲಕ್ಕೆ ಒಂದು ಅಂಗುಲವೂ ತಪ್ಪಿರಲಿಲ್ಲ!

ಗುರುವಾರ ಬೆಳಗ್ಗೆ ನೀರು ಹಲಗೆಯ ಮೇಲೆ ಹತ್ತಿತು. ಬಾಗಿನ ಬಿಟ್ಟರು. ಗುರುಮಲ್ಲಪ್ಪನವರು ತಟ್ಟೆಯಲ್ಲಿ ಎಲೆ ಅಡಿಕೆ ತಂದು ಶಾಸ್ತ್ರೋಕ್ತವಾಗಿ ನೀರು ಕೇಳಿದರು, ಶಾಸ್ತ್ರೋಕ್ತವಾಗಿ ಹಲಗೆ ತೆಗೆದರು. ನೀರು ಭೋರೆಂದು ಇಳಿಯಿತು.

“ಸರಿ, ನಮ್ ಕೆರೆ ಯಾವತ್ ತುಂಬ್ತದೆ?” ಎಂದರು ಗುರುಮಲ್ಲಪ್ಪನವರು. ಎಲ್ಲರ ಕಣ್ಣೂ ಮಹದೇವಸ್ವಾಮಿಯ ಮೇಲೆ.

ಅವನು ನನ್ನ ಕಡೆ ತಿರುಗಿದ. “ತಮ್ಮ, ನೀವೇಳಿ.”

ಲ್ಯಾಪ್‌ಟಾಪ್ ತೆರೆದೆ. ಹಲಗೆ ಸೇರಿಸಿ ಹೊಸದಾಗಿ ಹದ ಮಾಡಿದ ಮಾದರಿ. ಓಡಿಸಿದೆ. “ಭಾನುವಾರ” ಎಂದೆ, ಮೆಲ್ಲಗೆ.

ಅವನು ಹಳ್ಳದ ಕಡೆ ನೋಡಿದ, ಆಕಾಶದ ಕಡೆ ನೋಡಿದ. “ನಂಗೂ ಭಾನ್ವಾರ ಅಂತ್ಲೇ ಕಾಣ್ತದೆ” ಎಂದ. ಮಾವನವರು ನಾಲ್ಕು ದಿನದಲ್ಲಿ ಮೊದಲ ಸಲ ನನ್ನನ್ನು ನೋಡಿ ತಲೆಯಾಡಿಸಿದರು. ಆ ಕ್ಷಣ ಅವನನ್ನು ಅಣ್ಣ ಎನ್ನಲೂ ನಾನು ಸಿದ್ಧನಿದ್ದೆ.

ಕೆಳಗಿನ ಕೆರೆ ಶನಿವಾರ ಮಧ್ಯಾಹ್ನವೇ ತುಂಬಿಬಿಟ್ಟಿತು!

ಗುಂಡ್ಲುಪೇಟೆಯ ಮನೆಯಲ್ಲಿದ್ದ ನಮಗೆ ಮಾವನವರೇ ಫೋನ್ ಮಾಡಿ ತಿಳಿಸಿದರು. ನನ್ನ ಲೆಕ್ಕ ಮತ್ತೆ ಒಂದು ದಿನ ತಪ್ಪಿತ್ತು. ಬೇರೆ ಯಾರಾದರೂ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ನಾನು ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿದೆ. ಅವನೂ ತಪ್ಪಿದ್ದ! ಆರಡಿ ಎತ್ತರದ ಆ ಸಾಧು, ನೀರಿನ ವಿಷಯದಲ್ಲಿ ಮೀರಿಸುವವರಿಲ್ಲದವನು, ನನ್ನಷ್ಟೇ ತಪ್ಪಿದ್ದ, ಒಂದು ದಿನವೂ ಕಡಿಮೆಯಿಲ್ಲ! ದಿನಚರಿ ತೆಗೆದು ‘ಈ ವರ್ಷದ ಅತ್ಯಂತ ಸಂತೋಷದ ದಿನ’ ಎಂದು ಬರೆದು ಕೆಳಗೆ ಗೆರೆ ಎಳೆದೆ.

“ಏನ್ರೀ, ಒಬ್ರೇ ನಗ್ತಾ ಇದೀರಿ?” ಎಂದಳು ಶೋಭಾ.

“ಏನಿಲ್ಲ. ನಿನ್ನ ಬಾವನೂ ಭಾನುವಾರ ಅಂದಿದ್ದ, ಅಲ್ವಾ? ಪಾಪ. ಎಷ್ಟಾದರೂ ಅಂದಾಜು ಅಂದಾಜೇ.”

ಅವಳು ಫೋನನ್ನು ಒಮ್ಮೆ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟಳು. ಹೇಳಬೇಕೋ ಬೇಡವೋ ಎಂದು ಯೋಚಿಸಿದಂತೆ ಕಂಡಿತು. ಕೊನೆಗೆ ಫೋನ್ ತೆಗೆದು ಗುರುವಾರ ಸಂಜೆ ಬಂದಿದ್ದ ಒಂದು ಧ್ವನಿ ಸಂದೇಶ ಒತ್ತಿದಳು.

“ಅಮ್ಮಿ, ಕೆಳಗ್ಲ ಕೆರೆ ಶನ್ವಾರ ಮಧ್ಯಾನ್ಕೆಲ್ಲಾ ತುಂಬ್ಬುಡ್ತದೆ. ನಿನ್ ಗಂಡಂಗೆ ಏಳ್ಬ್ಯಾಡ ಕಣಮ್ಮಿ. ಭಾನ್ವಾರ ಅಂದವ್ರೆ, ನಾನೂ ಊ ಅಂದಿವ್ನಿ. ಮಾವನ್ ಮುಂದೆ ಇನ್ನೊಂದ್ಸಲ ಬೇಜಾರ್ ಆಗದ್ ಬ್ಯಾಡ.”

ಆ ಸಂದೇಶವನ್ನು ನಾನು ಮೂರು ಸಲ ಕೇಳಿದೆ. ಮೊದಲನೆಯ ಸಲ ನಂಬಲಾರದೆ. ಎರಡನೆಯ ಸಲ, ಶನಿವಾರ ಎಂದದ್ದು ನಿಜವೇ ಎಂದು ನೋಡಲು. ಮೂರನೆಯ ಸಲ, ಅವನ ದನಿಯಲ್ಲಿ ಸ್ವಲ್ಪವಾದರೂ ಜಂಬ ಸಿಗಬಹುದೇ ಎಂದು ಕಿವಿಗೊಟ್ಟು ಹುಡುಕಿದೆ.

ಇಷ್ಟೂ ಇರಲಿಲ್ಲ. ಇನ್ನು ನಾನು ಹೇಗೆ ಬದುಕಲಿ?